ಆದಾಯ ತೆರಿಗೆ ಬಾಕಿಯ ಜ್ಞಾಪನಾ ನೋಟಿಸು: ಉತ್ತರ ಕೊಡುವ ಸರಿಯಾದ ಕ್ರಮ

ತೆರಿಗೆ ಬಾಕಿಯ ನೋಟಿಸು ಹಿಡಿದುಕೊಂಡು ಮಂಗಳೂರು, ಉಡುಪಿಯ ಆಸುಪಾಸಿನಿಂದ ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸುಮ್ಮನೆ ಕುಳಿತವರಲ್ಲ, ಮಾಡಬೇಕಾದ ಕೆಲಸಗಳನ್ನು ಹಿಂದುಮುಂದಾಗಿ ಮಾಡಿದವರು. ಒಬ್ಬರು ಭಯದಿಂದ ಅದೇ ದಿನ ಹಣ ಕಟ್ಟಿರುತ್ತಾರೆ, ಆದರೆ ಬೇರೆ ವರ್ಷದ ಲೆಕ್ಕಕ್ಕೆ. ಇನ್ನೊಬ್ಬರು ಜಾಲತಾಣದಲ್ಲಿ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಿ, ಅದರಿಂದಲೇ ಬಾಕಿ ಅಳಿದುಹೋಯಿತೆಂದು ಎರಡು ವರ್ಷ ನಿಶ್ಚಿಂತೆಯಿಂದಿರುತ್ತಾರೆ. ಮತ್ತೊಬ್ಬರು ‘ಬಾಕಿ ಸರಿ’ ಎಂದು ಒತ್ತಿದ ಮೇಲೆ, ಅದು ತಪ್ಪು ಬಾಕಿ ಎಂಬುದನ್ನು ಕಂಡುಕೊಂಡಿರುತ್ತಾರೆ.

ಜ್ಞಾಪನಾ ನೋಟಿಸು ಎಂದರೆ ಹೊಸ ಬೇಡಿಕೆಯಲ್ಲ. ಹಿಂದೆ ಎಂದೋ ಹೊರಟ ಒಂದು ಆದೇಶದ ಹಣ ಇನ್ನೂ ಬಂದಿಲ್ಲ ಎಂಬ ನೆನಪೋಲೆ ಅದು. ಆದ್ದರಿಂದ ಉತ್ತರ ಕೊಡಬೇಕಾದದ್ದು ಕೈಯಲ್ಲಿರುವ ಕಾಗದಕ್ಕಲ್ಲ, ಅದರ ಹಿಂದಿರುವ ಮೂಲ ಆದೇಶಕ್ಕೆ. ಕೆಳಗಿನ ಹಂತಗಳ ಕ್ರಮ ಈ ಒಂದು ಸಂಗತಿಯನ್ನೇ ಆಧರಿಸಿದೆ.

ಈ ಬರಹ ವೈಯಕ್ತಿಕ ಆದಾಯ ತೆರಿಗೆಯ ಬಾಕಿಗೆ ಮಾತ್ರ ಸಂಬಂಧಿಸಿದ್ದು. ಮನೆಯ ಮೇಲಿನ ಆಸ್ತಿ ತೆರಿಗೆಯ ನೋಟಿಸು ಮಹಾನಗರ ಪಾಲಿಕೆ ಅಥವಾ ನಗರಸಭೆಯದು, ಅದರ ದಾರಿಯೇ ಬೇರೆ. ‘ನಿಮ್ಮ ವಾರ್ಷಿಕ ಮಾಹಿತಿಯಲ್ಲಿ ವ್ಯತ್ಯಾಸ ಕಂಡಿದೆ’ ಎಂದಷ್ಟೇ ಹೇಳುವ ಎಸ್ಎಂಎಸ್ ಕೂಡ ಬಾಕಿಯ ನೋಟಿಸಲ್ಲ. ಇಲ್ಲಿ ಹೇಳುವ ಕಲಂಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರೂಪಿಸಿದ 2025ರ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆಯಾದರೂ ಹಿಂದಿನ ವರ್ಷಗಳ ಬಾಕಿಗೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ.

## ಕೆಲಸ ಆರಂಭಿಸುವ ಮುನ್ನ ಕೈಯಲ್ಲಿರಬೇಕಾದವು

ಇ-ಫೈಲಿಂಗ್ ಜಾಲತಾಣದ ಪಾಸ್‌ವರ್ಡ್, ಆಧಾರ್‌ಗೆ ಜೋಡಣೆಯಾಗಿರುವ ಮೊಬೈಲ್, ಆ ವರ್ಷದ ರಿಟರ್ನಿನ ಪ್ರತಿ, ಫಾರಂ 16 ಮತ್ತು 16ಎ (ಸಂಬಳ, ಬಡ್ಡಿ ಮುಂತಾದವುಗಳಿಂದ ತೆರಿಗೆ ಹಿಡಿದವರು ಕೊಡುವ ಪ್ರಮಾಣಪತ್ರಗಳು), ಸ್ವತಃ ಕಟ್ಟಿದ ತೆರಿಗೆಯ ಚಲನ್‌ಗಳು, ಆ ಅವಧಿಯ ಬ್ಯಾಂಕ್ ವಿವರ. ಇವಿಷ್ಟನ್ನು ಒಂದೇ ಕಡತದಲ್ಲಿ ಸೇರಿಸಿಟ್ಟುಕೊಳ್ಳಿ.

ಇವುಗಳಲ್ಲಿ ಹೆಚ್ಚಾಗಿ ಕೈಕೊಡುವುದು ಪಾಸ್‌ವರ್ಡ್. ನಮ್ಮಲ್ಲಿ ಬಹಳ ಮಂದಿಯ ಖಾತೆಯಲ್ಲಿ ನಮೂದಾಗಿರುವ ಇಮೇಲ್ ಮತ್ತು ಮೊಬೈಲ್ ಅವರದ್ದೇ ಆಗಿರುವುದಿಲ್ಲ, ಎಂದೋ ರಿಟರ್ನ್ ತುಂಬಿಸಿಕೊಟ್ಟವರದ್ದಾಗಿರುತ್ತದೆ. ಮೂಲ ಆದೇಶ ಆ ಇಮೇಲಿಗೆ ಹೋಗಿ, ಅಲ್ಲಿಯೇ ಓದದೆ ಉಳಿದಿರುತ್ತದೆ. ‘ನನಗೆ ಯಾವ ಆದೇಶವೂ ಬಂದೇ ಇಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇಷ್ಟೇ. ಆದ್ದರಿಂದ ಖಾತೆಯೊಳಗೆ ಹೋದ ಕೂಡಲೇ ಪ್ರೊಫೈಲ್ ಪುಟದಲ್ಲಿ ನಿಮ್ಮ ಸ್ವಂತ ಇಮೇಲ್, ಮೊಬೈಲ್ ಮತ್ತು ವಿಳಾಸ ಹಾಕಿದ ಮೇಲಷ್ಟೇ ಮುಂದಿನ ಕೆಲಸಕ್ಕೆ ಕೈಹಚ್ಚಿ.

## ಹಂತ 1: ನೋಟಿಸು ಅಸಲಿಯೇ ಎಂದು ಪರೀಕ್ಷಿಸಿ

2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳ ಮೇಲೆ ದಾಖಲೆ ಗುರುತಿನ ಸಂಖ್ಯೆ, ಅಂದರೆ ಡಿನ್, ಇರಬೇಕೆಂಬ ನಿಯಮವಿದೆ. ಜಾಲತಾಣದ ಮುಖಪುಟದಲ್ಲಿ ‘ಆಥೆಂಟಿಕೇಟ್ ನೋಟಿಸ್’ ಎಂಬ ಸೌಲಭ್ಯ ಸಿಗುತ್ತದೆ, ಅದಕ್ಕೆ ಲಾಗಿನ್ ಬೇಕಿಲ್ಲ. ಡಿನ್ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಹಾಕಿ, ಬರುವ ಒಟಿಪಿಯನ್ನು ಆ ಪುಟದಲ್ಲೇ ನಮೂದಿಸಿದರೆ ಪತ್ರ ಇಲಾಖೆಯದ್ದೋ ಅಲ್ಲವೋ ತಿಳಿಯುತ್ತದೆ.

ಇಮೇಲಿನೊಳಗಿರುವ ಲಿಂಕ್ ಒತ್ತಿ ಜಾಲತಾಣಕ್ಕೆ ಹೋಗಬಾರದು. ಬ್ರೌಸರಿನಲ್ಲಿ ವಿಳಾಸವನ್ನು ಕೈಯಾರೆ ಬರೆದು ಹೋಗಿ, ಅದರ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ನೋಡಿ. ಫೋನ್ ಮಾಡಿ ಒಟಿಪಿ ಕೇಳುವವರು, ಕಾರ್ಡಿನ ಪಿನ್ ಕೇಳುವವರು, ವಾಟ್ಸ್ಆ್ಯಪ್‌ನಲ್ಲಿ ಕ್ಯೂಆರ್ ಚಿತ್ರ ಕಳುಹಿಸಿ ‘ಇಂದು ಸಂಜೆಯೊಳಗೆ ಕಟ್ಟಿ’ ಎನ್ನುವವರು ಇಲಾಖೆಯವರಲ್ಲ. ಸಹಾಯವಾಣಿಯ ಸಂಖ್ಯೆಯನ್ನೂ ಗೂಗಲಿನಲ್ಲಿ ಹುಡುಕಬೇಡಿ, ಜಾಲತಾಣದ ಸಂಪರ್ಕ ಪುಟದಿಂದಲೇ ತೆಗೆದುಕೊಳ್ಳಿ. ಹುಡುಕಾಟದಲ್ಲಿ ಮೊದಲು ಕಾಣಿಸುವ ಸಂಖ್ಯೆ ವಂಚಕರದ್ದಾಗಿರುವ ಸಾಧ್ಯತೆ ಉಂಟು.

ಪತ್ರ ನಕಲಿ ಎಂದು ಗೊತ್ತಾದರೂ ಒಮ್ಮೆ ಲಾಗಿನ್ ಆಗಿ ನೋಡುವುದು ಒಳ್ಳೆಯದು, ಏಕೆಂದರೆ ನಕಲಿ ಪತ್ರ ಬಂದವರಿಗೆ ಅಸಲಿ ಬಾಕಿ ಇರಬಾರದೆಂದೇನೂ ಇಲ್ಲ.

## ಹಂತ 2: ಜ್ಞಾಪನೆಯ ಹಿಂದಿನ ಮೂಲ ಆದೇಶವನ್ನು ಹುಡುಕಿ

ಲಾಗಿನ್ ಆದ ಮೇಲೆ ‘ಪೆಂಡಿಂಗ್ ಆ್ಯಕ್ಷನ್ಸ್’ ಎಂಬಲ್ಲಿಗೆ ಹೋಗಿ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್’ ತೆರೆಯಿರಿ. ನಿಮ್ಮ ಪ್ಯಾನ್ ಸಂಖ್ಯೆಯ ಮೇಲಿರುವ ಬಾಕಿಗಳ ಪಟ್ಟಿ ಅಲ್ಲಿರುತ್ತದೆ. ಪ್ರತಿ ಬಾಕಿಯ ಉಲ್ಲೇಖ ಸಂಖ್ಯೆ, ನಿರ್ಧಾರಣಾ ವರ್ಷ, ಕಲಂ, ದಿನಾಂಕ, ಮೊತ್ತ ಈ ಐದನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅವಸರದಲ್ಲಿ ಅಲ್ಲಿಯೇ ಉತ್ತರದ ಗುಂಡಿ ಒತ್ತಬೇಡಿ, ಅದರ ಸರದಿ ಆರನೆಯ ಹಂತದಲ್ಲಿ ಬರುತ್ತದೆ.

ನಿರ್ಧಾರಣಾ ವರ್ಷದ ವಿಚಾರದಲ್ಲಿ ಎಡವುವವರು ಬಹಳ. 2022ರ ಏಪ್ರಿಲಿನಿಂದ 2023ರ ಮಾರ್ಚಿನವರೆಗೆ ಗಳಿಸಿದ ಆದಾಯದ ನಿರ್ಧಾರಣಾ ವರ್ಷ 2023-24. ನೋಟಿಸಿನಲ್ಲಿ 2023-24 ಎಂದಿದ್ದರೆ 2022-23ರ ಹಣಕಾಸು ವರ್ಷದ ಕಾಗದಗಳನ್ನು ಹೊರತೆಗೆಯಬೇಕು. ತಪ್ಪು ವರ್ಷದ ಫಾರಂ 16 ಮುಂದಿಟ್ಟುಕೊಂಡು ‘ನನ್ನ ಲೆಕ್ಕವೇ ಸರಿ’ ಎಂದು ವಾದಿಸಿದವರನ್ನು ನಾನು ಕಂಡಿದ್ದೇನೆ, ಅವರಲ್ಲಿ ನಿವೃತ್ತ ಲೆಕ್ಕಾಧಿಕಾರಿಗಳೂ ಇದ್ದರು.

ಮುಂದೆ ಕಲಂ ನೋಡಿ. 143(1) ಎಂದಿದ್ದರೆ ಅದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಅಂದರೆ ಸಿಪಿಸಿ, ನಿಮ್ಮ ರಿಟರ್ನನ್ನು ಗಣಕದಲ್ಲಿ ಪರಿಶೀಲಿಸಿ ಕಳುಹಿಸಿದ ತಿಳಿವಳಿಕೆ ಪತ್ರ. 143(3), 144 ಅಥವಾ 147 ಎಂದಿದ್ದರೆ ಅದು ತೆರಿಗೆ ಅಧಿಕಾರಿ ಬರೆದ ಆದೇಶ. ಇದು ತೂಕದ ವಿಷಯ, ಅನುಭವವಿರುವ ಲೆಕ್ಕಪರಿಶೋಧಕರ ನೆರವಿಲ್ಲದೆ ಇದಕ್ಕೆ ಒಬ್ಬರೇ ಉತ್ತರಿಸಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

143(1)ರ ಪತ್ರ ‘ವ್ಯೂ ಫೈಲ್ಡ್ ರಿಟರ್ನ್ಸ್’ ಪುಟದಲ್ಲಿ ಆಯಾ ವರ್ಷದ ಎದುರು ಸಿಗುತ್ತದೆ. ಪಿಡಿಎಫ್ ತೆರೆಯಲು ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದರ ಬೆನ್ನಿಗೇ ಜನ್ಮದಿನಾಂಕವನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಎಂಟು ಅಂಕಿಗಳಾಗಿ ಸೇರಿಸಬೇಕು. ತೀರಾ ಹಳೆಯ ಬಾಕಿಗಳನ್ನು ಕಾಗದದ ಪುಸ್ತಕಗಳಿಂದ ಅಧಿಕಾರಿಗಳೇ ಗಣಕಕ್ಕೆ ಏರಿಸಿರುವುದರಿಂದ ಅವುಗಳ ಆದೇಶ ಜಾಲತಾಣದಲ್ಲಿ ಸಿಗದಿರಬಹುದು. ಆಗ ಆದೇಶದ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಹಳೆಯ ಸಣ್ಣ ಬಾಕಿಯಾದರೆ ಇನ್ನೊಂದು ಸಂಗತಿ ನೆನಪಿರಲಿ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನ ಘೋಷಣೆಯಂತೆ, 2010-11ರ ನಿರ್ಧಾರಣಾ ವರ್ಷದವರೆಗಿನ 25,000 ರೂಪಾಯಿ ಒಳಗಿನ ಬಾಕಿಗಳನ್ನೂ 2011-12ರಿಂದ 2015-16ರವರೆಗಿನ 10,000 ರೂಪಾಯಿ ಒಳಗಿನ ಬಾಕಿಗಳನ್ನೂ ಒಬ್ಬರಿಗೆ ಒಟ್ಟು 1 ಲಕ್ಷ ರೂಪಾಯಿಯ ಮಿತಿಯಲ್ಲಿ ಮನ್ನಾ ಮಾಡಲಾಗಿದೆ. ನಿಮ್ಮ ಬಾಕಿ ಈ ಮಿತಿಯೊಳಗಿದ್ದರೆ ಹಣ ಕಟ್ಟುವ ಮೊದಲು ಅದರ ಸ್ಥಿತಿ ಏನೆಂದು ಪಟ್ಟಿಯಲ್ಲಿ ನೋಡಿ.

## ಹಂತ 3: ಎರಡು ಕಾಲಂಗಳನ್ನು ಸಾಲು ಸಾಲಾಗಿ ಹೋಲಿಸಿ

143(1)ರ ಪತ್ರದಲ್ಲಿ ಎರಡು ಕಾಲಂಗಳಿರುತ್ತವೆ. ಒಂದು ನೀವು ಹೇಳಿದ ಲೆಕ್ಕ, ಇನ್ನೊಂದು ಸಿಪಿಸಿ ಹಾಕಿದ ಲೆಕ್ಕ. ಅಳತೆಕೋಲೊಂದನ್ನು ಅಡ್ಡ ಇಟ್ಟು ಮೇಲಿನಿಂದ ಕೆಳಗೆ ಬನ್ನಿ. ಎರಡು ಅಂಕಿಗಳು ಮೊದಲು ಬೇರೆಯಾಗುವ ಸಾಲೇ ನಿಮ್ಮ ಬಾಕಿಯ ಮೂಲ. ಅದರ ಕೆಳಗಿನ ವ್ಯತ್ಯಾಸಗಳು ಬಹುತೇಕ ಅದರಿಂದಲೇ ಹುಟ್ಟಿದವು. ಈ ಹಂತಕ್ಕೆ ಅರ್ಧ ದಿನ ಹಿಡಿದರೂ ಬೇಸರಿಸಬೇಡಿ. ಇಲ್ಲಿ ಕಾರಣ ಸಿಗದೆ ಹೋದರೆ ಮುಂದಿನ ಹಂತಗಳೆಲ್ಲ ಕತ್ತಲೆಯಲ್ಲಿ ಕಲ್ಲೆಸೆದಂತಾಗುತ್ತವೆ.

ಆದಾಯದ ಸಾಲಿನಲ್ಲೇ ವ್ಯತ್ಯಾಸ ಕಂಡರೆ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ತೆರೆದು ಹೋಲಿಸಿ. ನಮ್ಮೂರಿನ ನಿವೃತ್ತರಲ್ಲಿ ಇದಕ್ಕೆ ಸಾಮಾನ್ಯ ಕಾರಣ ನಿಶ್ಚಿತ ಠೇವಣಿಯ ಬಡ್ಡಿ. ‘ಬ್ಯಾಂಕಿನಲ್ಲೇ ತೆರಿಗೆ ಹಿಡಿದಿದ್ದಾರೆ, ಮತ್ತೇಕೆ ತೋರಿಸಬೇಕು’ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿ ಬೇರೂರಿದೆ. ಬ್ಯಾಂಕ್ ಹಿಡಿಯುವುದು ಬಡ್ಡಿಯ ಶೇಕಡ 10 ಮಾತ್ರ. ನಿಮ್ಮ ಆದಾಯ ಶೇಕಡ 20 ಅಥವಾ 30ರ ಹಂತದಲ್ಲಿದ್ದರೆ ಉಳಿದದ್ದನ್ನು ಕಟ್ಟುವ ಹೊಣೆ ನಿಮ್ಮದೇ. ಅಂಥ ಬಾಕಿ ನಿಜವಾದ ಬಾಕಿ.

ಆದಾಯ ಸರಿಯಿದ್ದು, ಕಡಿತವಾದ ತೆರಿಗೆಯ ಸಾಲಿನಲ್ಲಿ ವ್ಯತ್ಯಾಸವಿದ್ದರೆ ಫಾರಂ 26ಎಎಸ್, ಅಂದರೆ ನಿಮ್ಮ ಪ್ಯಾನ್ ಮೇಲೆ ಜಮೆಯಾದ ತೆರಿಗೆಯ ಪಟ್ಟಿ, ನೋಡಬೇಕು. ನೀವು ರಿಟರ್ನಿನಲ್ಲಿ ಬರೆದ ಮೊತ್ತ, ಟ್ಯಾನ್, ಅಂದರೆ ಕಡಿತ ಮಾಡಿದವರಿಗೆ ಇಲಾಖೆ ಕೊಟ್ಟ ಗುರುತಿನ ಸಂಖ್ಯೆ, ಮತ್ತು ವರ್ಷ ಮೂರೂ ಅದರೊಡನೆ ಹೊಂದಿದರೆ ಮಾತ್ರ ಸಿಪಿಸಿ ಆ ಜಮೆಯನ್ನು ಒಪ್ಪುತ್ತದೆ. ಕರಾವಳಿಯವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಆ ವರ್ಷಗಳ ಆಸುಪಾಸಿನ ರಿಟರ್ನಿನಲ್ಲಿ ಹಿಂದಿನ ವರ್ಷದ ವಿವರವನ್ನೇ ನಕಲು ಮಾಡಿ ಹಳೆಯ ಟ್ಯಾನ್ ಬರೆದಿದ್ದರೆ, 26ಎಎಸ್‌ನಲ್ಲಿರುವ ಟ್ಯಾನ್‌ನೊಡನೆ ಅದು ತಾಳೆಯಾಗುವುದಿಲ್ಲ. ಹಣ ಸರಕಾರಕ್ಕೆ ಸಂದಿದ್ದರೂ ನಿಮ್ಮ ಲೆಕ್ಕದಲ್ಲಿ ಜಮೆಯಾಗದೆ ಉಳಿದುಬಿಡುತ್ತದೆ.

ಜಂಟಿ ಠೇವಣಿಯದ್ದೂ ಇದೇ ತೊಡಕು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರುವ ಠೇವಣಿಯಲ್ಲಿ ಬ್ಯಾಂಕು ಸಾಮಾನ್ಯವಾಗಿ ಮೊದಲ ಹೆಸರಿನವರ ಪ್ಯಾನ್ ಮೇಲೆ ಕಡಿತ ಮಾಡುತ್ತದೆ. ಎರಡನೆಯ ಹೆಸರಿನವರು ತಮ್ಮ ರಿಟರ್ನಿನಲ್ಲಿ ಅದನ್ನು ಕೇಳಿದರೆ ಸಿಗುವುದಿಲ್ಲ.

ಸಂಬಳದಲ್ಲಿ ತೆರಿಗೆ ಹಿಡಿದ ಉದ್ಯೋಗದಾತರು ಅದನ್ನು ಸರಕಾರಕ್ಕೆ ಕಟ್ಟದೆ ಉಳಿಸಿಕೊಂಡಿದ್ದರೆ 26ಎಎಸ್‌ನಲ್ಲಿ ಆ ಸಾಲೇ ಇರುವುದಿಲ್ಲ. ಇಂಥ ಪ್ರಕರಣದಲ್ಲಿ ಎರಡನೆಯ ಸಲ ಕೈಯಿಂದ ಕಟ್ಟಲು ಹೊರಡಬೇಡಿ. ಕಾಯ್ದೆಯ 205ನೇ ಕಲಂ ಪ್ರಕಾರ, ಮೂಲದಲ್ಲೇ ಕಡಿತವಾದ ಮೊತ್ತದ ಮಟ್ಟಿಗೆ ತೆರಿಗೆಯನ್ನು ಉದ್ಯೋಗಿಯಿಂದ ವಸೂಲು ಮಾಡುವಂತಿಲ್ಲ, ಮತ್ತು ಕೇಂದ್ರ ನೇರ ತೆರಿಗೆ ಮಂಡಳಿ 2015ರ ಜೂನ್ 1ರ ಪತ್ರದಲ್ಲಿ ಅಧಿಕಾರಿಗಳಿಗೆ ಇದನ್ನೇ ಮತ್ತೆ ನೆನಪಿಸಿದೆ. ನಿಮ್ಮ ಸಂಬಳದಿಂದ ಹಣ ಕಡಿತವಾದದ್ದನ್ನು ತೋರಿಸುವ ಸಂಬಳ ಚೀಟಿಗಳು ಮತ್ತು ಬ್ಯಾಂಕ್ ವಿವರವೇ ಇಲ್ಲಿ ಸಾಕ್ಷ್ಯ.

ಮತ್ತೆ ಮತ್ತೆ ಕಾಣುವ ಇನ್ನೊಂದು ಕಾರಣ ಹಿಂಬಾಕಿ ಸಂಬಳ. ಬ್ಯಾಂಕ್ ನೌಕರರ ವೇತನ ಒಪ್ಪಂದ ಅಥವಾ ಶಿಕ್ಷಕರ ವೇತನ ಪರಿಷ್ಕರಣೆಯಿಂದ ಹಲವು ವರ್ಷಗಳ ಹಣ ಒಮ್ಮೆಲೇ ಬಂದಾಗ 89ನೇ ಕಲಂನ ಪರಿಹಾರ ಕೇಳುತ್ತಾರೆ, ಆದರೆ ಅದಕ್ಕೆ ಬೇಕಾದ ಫಾರಂ 10ಇಯನ್ನು ರಿಟರ್ನಿಗಿಂತ ಮೊದಲು ಜಾಲತಾಣದಲ್ಲಿ ಸಲ್ಲಿಸಿರುವುದಿಲ್ಲ. ಸಿಪಿಸಿ ಆ ಪರಿಹಾರವನ್ನು ಪೂರ್ತಿಯಾಗಿ ತೆಗೆದುಹಾಕುತ್ತದೆ. ಈಗಲಾದರೂ ಫಾರಂ ಸಲ್ಲಿಸಿ ತಿದ್ದುಪಡಿ ಕೇಳಬಹುದು, ಆದರೆ ಒಪ್ಪಿಯೇ ತೀರುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ. ಸ್ವಂತ ವ್ಯವಹಾರವಿರುವವರು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಲು ಫಾರಂ 10-ಐಇಎ ಸಲ್ಲಿಸದೆ ಉಳಿದಾಗ ಕಡಿತಗಳೆಲ್ಲ ಬಿದ್ದುಹೋಗುವುದೂ ಇದೇ ಬಗೆಯದು. 2024-25ರ ನಿರ್ಧಾರಣಾ ವರ್ಷದಿಂದ ಹೊಸ ಪದ್ಧತಿಯೇ ಮೂಲ ಆಯ್ಕೆಯಾಗಿದೆ.

ಕೊನೆಯದಾಗಿ 234ಬಿ ಮತ್ತು 234ಸಿ ಬಡ್ಡಿಯ ಸಾಲುಗಳು. ವ್ಯವಹಾರದ ಆದಾಯವಿಲ್ಲದ, 60 ವರ್ಷ ತುಂಬಿದ ನಿವಾಸಿಗಳು ಮುಂಗಡ ತೆರಿಗೆ ಕಟ್ಟಬೇಕಾಗಿಲ್ಲ, ಆದ್ದರಿಂದ ಅವರಿಗೆ ಈ ಬಡ್ಡಿ ಬೀಳಬಾರದು. ಬಿದ್ದಿದ್ದರೆ ರಿಟರ್ನಿನಲ್ಲಿ ಜನ್ಮದಿನಾಂಕ ಸರಿಯಿದೆಯೇ, ತಪ್ಪಿ ವ್ಯವಹಾರದ ಆದಾಯವೆಂದು ಏನಾದರೂ ನಮೂದಾಗಿದೆಯೇ ನೋಡಿ.

## ಹಂತ 4: ಬಾಕಿ ನಿಜವಾದರೆ, ಸರಿಯಾದ ಕಡೆಯಿಂದ ಕಟ್ಟಿ

ಬಾಕಿ ನಿಮ್ಮದೇ ಎಂದು ತಿಳಿದ ಮೇಲೆ ತಡ ಮಾಡುವುದರಿಂದ ಲಾಭವಿಲ್ಲ. ಆದೇಶ ತಲುಪಿದ 30 ದಿನಗಳ ನಂತರ 220(2)ನೇ ಕಲಂ ಪ್ರಕಾರ ತಿಂಗಳಿಗೆ ಶೇಕಡ 1ರಂತೆ ಬಡ್ಡಿ ಬೆಳೆಯುತ್ತದೆ, ತಿಂಗಳ ಒಂದು ದಿನವಾದರೂ ಇಡೀ ತಿಂಗಳೆಂದೇ ಲೆಕ್ಕ. ಉದಾಹರಣೆಗೆ 18,640 ರೂಪಾಯಿಯ ಆದೇಶ ಡಿಸೆಂಬರ್ 12ರಂದು ತಲುಪಿದೆ ಎನ್ನೋಣ. 30 ದಿನಗಳು ಜನವರಿ 11ಕ್ಕೆ ಮುಗಿಯುತ್ತವೆ. ಏಪ್ರಿಲ್ 20ರಂದು ಕಟ್ಟಿದರೆ ಮೂರು ತಿಂಗಳು ಮತ್ತು ಕೆಲವು ದಿನ ಕಳೆದಿರುವುದರಿಂದ ನಾಲ್ಕು ತಿಂಗಳ ಬಡ್ಡಿ. ನೂರರ ಕೆಳಗಿನ ಭಾಗವನ್ನು ಬಿಟ್ಟು 18,600ರ ಮೇಲೆ ಲೆಕ್ಕ ಹಾಕಿದರೆ 744 ರೂಪಾಯಿ ಹೆಚ್ಚು ಕಟ್ಟಬೇಕು.

ಹಣ ಕಟ್ಟಲು ಬಾಕಿಯ ಪಟ್ಟಿಯಲ್ಲಿ ಆಯಾ ಬಾಕಿಯ ಎದುರಿಗಿರುವ ‘ಪೇ ನೌ’ ಗುಂಡಿಯನ್ನೇ ಬಳಸಿ. ಆಗ ವರ್ಷ, ಬಾಕಿಯ ಉಲ್ಲೇಖ ಸಂಖ್ಯೆ ಮತ್ತು 400 ಎಂಬ ಉಪಶೀರ್ಷಿಕೆ ತಾನಾಗಿ ತುಂಬಿಕೊಳ್ಳುತ್ತವೆ. ಬೇರೆ ದಾರಿಯಿಂದ ಹೋದವರು ಅಭ್ಯಾಸಬಲದಿಂದ 300 ಆರಿಸುತ್ತಾರೆ. ಅದು ರಿಟರ್ನ್ ಸಲ್ಲಿಸುವ ಮೊದಲು ಸ್ವತಃ ಲೆಕ್ಕ ಹಾಕಿ ಕಟ್ಟುವ ತೆರಿಗೆಯದ್ದು. ಈ ತಪ್ಪನ್ನು ಒಮ್ಮೆ ನಾನೇ ಮಾಡಿದ್ದೇನೆ. ಹಣ ಖಾತೆಯಿಂದ ಹೋಯಿತು, ಬಾಕಿ ಹಾಗೆಯೇ ನಿಂತಿತು.

ತಪ್ಪಾಗಿದ್ದರೆ ಜಾಲತಾಣದ ‘ಚಲನ್ ಕರೆಕ್ಷನ್’ ಸೌಲಭ್ಯ ಇದೆ, ಆದರೆ ಅದರ ಕಾಲಾವಕಾಶ ಬಹಳ ಕಿರಿದು. ನಿರ್ಧಾರಣಾ ವರ್ಷ ತಿದ್ದಲು ಹಣ ಕಟ್ಟಿದ ದಿನದಿಂದ 7 ದಿನ, ಶೀರ್ಷಿಕೆ ತಿದ್ದಲು 30 ದಿನ. ಆ ಅವಧಿ ಮೀರಿದರೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಅರ್ಜಿ ಕೊಡಬೇಕಾಗುತ್ತದೆ. ಆದ್ದರಿಂದ ಕಟ್ಟಿದ ದಿನವೇ ಚಲನ್ ಇಳಿಸಿಕೊಂಡು ವರ್ಷ ಮತ್ತು ಶೀರ್ಷಿಕೆಯನ್ನು ಓದಿ ನೋಡಿ. ಬಿಎಸ್ಆರ್ ಕೋಡ್ (ಹಣ ಪಡೆದ ಬ್ಯಾಂಕ್ ಶಾಖೆಯ ಸಂಖ್ಯೆ), ದಿನಾಂಕ, ಚಲನ್ ಕ್ರಮಸಂಖ್ಯೆ ಈ ಮೂರು ಮುಂದೆಯೂ ಬೇಕಾಗುತ್ತವೆ.

ಒಮ್ಮೆಲೇ ಕಟ್ಟಲಾಗದವರು 220(3)ರಡಿ ಕಂತು ಕೇಳಬಹುದು. ಆದರೆ ಆ ಅರ್ಜಿಯನ್ನು ಆದೇಶದ 30 ದಿನಗಳೊಳಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಜ್ಞಾಪನೆಯ ಹಂತಕ್ಕೆ ಬಂದ ಮೇಲೆ ಕೇಳಿದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

## ಹಂತ 5: ಬಾಕಿ ತಪ್ಪಾದರೆ, ಉತ್ತರಕ್ಕಿಂತ ಮೊದಲು ತಿದ್ದುಪಡಿ ಅರ್ಜಿ

ಬಹಳ ಮಂದಿ ಸೋಲುವುದು ಇಲ್ಲಿ. ‘ಬಾಕಿಯನ್ನು ಒಪ್ಪುವುದಿಲ್ಲ’ ಎಂಬ ಉತ್ತರ ನಿಮ್ಮ ಹೇಳಿಕೆಯನ್ನು ದಾಖಲಿಸುತ್ತದೆ, ಮೂಲ ಆದೇಶವನ್ನು ಬದಲಿಸುವುದಿಲ್ಲ. ಆದೇಶ ಬದಲಾಗಬೇಕಾದರೆ 154ನೇ ಕಲಂ ಪ್ರಕಾರ ತಿದ್ದುಪಡಿ ಆದೇಶ ಹೊರಬೀಳಬೇಕು, ಇಲ್ಲವೇ ಮೇಲ್ಮನವಿಯಲ್ಲಿ ಗೆಲ್ಲಬೇಕು.

143(1)ರ ಪತ್ರಕ್ಕೆ ತಿದ್ದುಪಡಿಯನ್ನು ಜಾಲತಾಣದ ‘ಸರ್ವಿಸಸ್’ ಅಡಿಯ ‘ರೆಕ್ಟಿಫಿಕೇಷನ್’ ಮೂಲಕ ಕೇಳಬಹುದು. ಅಲ್ಲಿನ ಆಯ್ಕೆಗಳಲ್ಲಿ ಯಾವುದು ನಿಮಗೆ ಸಲ್ಲುತ್ತದೆ ಎಂಬುದು ಮೂರನೆಯ ಹಂತದಲ್ಲಿ ನೀವು ಕಂಡುಕೊಂಡ ಕಾರಣವನ್ನು ಅವಲಂಬಿಸಿದೆ. ರಿಟರ್ನಿನಲ್ಲಿ ಎಲ್ಲವೂ ಸರಿಯಿದ್ದು, 26ಎಎಸ್‌ನಲ್ಲಿ ಜಮೆ ತಡವಾಗಿ ಬಂದಿದ್ದರೆ ರಿಟರ್ನನ್ನು ಮತ್ತೊಮ್ಮೆ ಸಂಸ್ಕರಿಸಲು ಕೇಳುವುದೇ ಸಾಕು. ಟ್ಯಾನ್ ಅಥವಾ ಚಲನ್ ವಿವರ ತಪ್ಪಿದ್ದರೆ ತೆರಿಗೆ ಜಮೆಯ ತಿದ್ದುಪಡಿ. ರಿಟರ್ನಿನ ಅಂಕಿಗಳೇ ತಪ್ಪು ಅಂಕಣದಲ್ಲಿ ಬಿದ್ದಿದ್ದರೆ ರಿಟರ್ನ್ ದತ್ತಾಂಶದ ತಿದ್ದುಪಡಿ. ಕಾರಣ ತಿಳಿಯದೆ ಮೊದಲನೆಯ ಆಯ್ಕೆಯನ್ನೇ ನಾಲ್ಕು ಸಲ ಒತ್ತಿದರೆ ನಾಲ್ಕು ಸಲವೂ ಅದೇ ಬಾಕಿ ಹಿಂದಿರುಗುತ್ತದೆ, ಗಣಕ ಅದೇ ಲೆಕ್ಕವನ್ನು ಮತ್ತೆ ಹಾಕುತ್ತದೆ ಅಷ್ಟೆ.

ತಿದ್ದುಪಡಿ ಕೇಳಲು ಆದೇಶವಾದ ಹಣಕಾಸು ವರ್ಷದ ಕೊನೆಯಿಂದ 4 ವರ್ಷ ಅವಕಾಶವಿದೆ. ಅರ್ಜಿ ತಲುಪಿದ ತಿಂಗಳ ಕೊನೆಯಿಂದ 6 ತಿಂಗಳೊಳಗೆ ತೀರ್ಮಾನ ಆಗಬೇಕೆಂಬುದು ಕಾಯ್ದೆಯ ಮಾತು.

ತಿದ್ದುಪಡಿಗೂ ಮಿತಿ ಉಂಟು. ಕಣ್ಣಿಗೆ ನೇರವಾಗಿ ಕಾಣುವ ತಪ್ಪುಗಳನ್ನು ಮಾತ್ರ ಅದು ಸರಿಪಡಿಸುತ್ತದೆ. ರಿಟರ್ನಿನಲ್ಲಿ ಕೇಳಲು ಮರೆತ ವಿಮಾ ಕಂತಿನ ರಿಯಾಯಿತಿಯನ್ನು ಈಗ ಹೊಸದಾಗಿ ಸೇರಿಸಲು ಅದನ್ನು ಬಳಸುವಂತಿಲ್ಲ. ‘ಅಪ್‌ಡೇಟೆಡ್ ರಿಟರ್ನ್’ ಹಾಕಿ ಬಾಕಿಯನ್ನು ಇಳಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ತೆರಿಗೆಯನ್ನು ಕಡಿಮೆ ಮಾಡಿಕೊಳ್ಳಲು ಆ ರಿಟರ್ನಿಗೆ ಅವಕಾಶವೇ ಇಲ್ಲ.

ಆದೇಶ ಬಂದು ಇನ್ನೂ 30 ದಿನ ಆಗಿಲ್ಲದಿದ್ದು, ವಿವಾದ ಕಾನೂನಿನ ವ್ಯಾಖ್ಯಾನಕ್ಕೆ ಸಂಬಂಧಿಸಿದ್ದರೆ ಫಾರಂ 35ರಲ್ಲಿ ಮೇಲ್ಮನವಿಯೇ ಸರಿಯಾದ ದಾರಿ. ಶುಲ್ಕ ಆದಾಯಕ್ಕನುಗುಣವಾಗಿ 250ರಿಂದ 1,000 ರೂಪಾಯಿ. ಮೇಲ್ಮನವಿ ಹಾಕಿದೊಡನೆ ವಸೂಲಿ ನಿಲ್ಲುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ ತಡೆ ಕೇಳಬೇಕು, ಮತ್ತು 2017ರ ಜುಲೈ 31ರ ಮಂಡಳಿ ಸೂಚನೆಯಂತೆ ಸಾಮಾನ್ಯವಾಗಿ ವಿವಾದಿತ ಮೊತ್ತದ ಶೇಕಡ 20 ಕಟ್ಟಿದರೆ ತಡೆ ಸಿಗುತ್ತದೆ.

## ಹಂತ 6: ಈಗ ಜಾಲತಾಣದಲ್ಲಿ ಉತ್ತರ ದಾಖಲಿಸಿ

ಹಣ ಕಟ್ಟಿದ್ದರೆ ಚಲನ್, ತಿದ್ದುಪಡಿ ಕೇಳಿದ್ದರೆ ಅದರ ಸ್ವೀಕೃತಿ ಸಂಖ್ಯೆ ಕೈಯಲ್ಲಿಟ್ಟುಕೊಂಡು ಬಾಕಿಯ ಪಟ್ಟಿಗೆ ಮರಳಿ ಬನ್ನಿ. ‘ಬಾಕಿ ಸರಿಯಾಗಿದೆ’ ಎಂದು ಒಮ್ಮೆ ದೃಢಪಡಿಸಿದ ಮೇಲೆ ಮುಂದೆ ಅದನ್ನು ಅಲ್ಲಗಳೆಯಲು ಜಾಲತಾಣ ಬಿಡುವುದಿಲ್ಲ. ಪೂರ್ತಿ ಖಚಿತವಿದ್ದಾಗ ಮಾತ್ರ ಅದನ್ನು ಒತ್ತಿ.

ಪೂರ್ತಿಯಾಗಿ ಅಥವಾ ಭಾಗಶಃ ಒಪ್ಪದಿದ್ದರೆ ಕಾರಣಗಳ ಪಟ್ಟಿ ತೆರೆಯುತ್ತದೆ: ಈಗಾಗಲೇ ಕಟ್ಟಲಾಗಿದೆ, ತಿದ್ದುಪಡಿಯಿಂದ ಬಾಕಿ ಇಳಿದಿದೆ, ತಿದ್ದುಪಡಿ ಅರ್ಜಿ ಬಾಕಿಯಿದೆ, ಮೇಲ್ಮನವಿ ಹಾಕಲಾಗಿದೆ ಇತ್ಯಾದಿ. ಒಂದಕ್ಕಿಂತ ಹೆಚ್ಚು ಕಾರಣವಿದ್ದರೆ ಪ್ರತಿ ಕಾರಣಕ್ಕೂ ಮೊತ್ತವನ್ನು ಹಂಚಿ ಬರೆಯಿರಿ. ‘ಇತರೆ’ ಎಂಬ ಆಯ್ಕೆ ಕೊನೆಯ ಆಸರೆ, ಅಲ್ಲಿ ಬರೆದ ಉದ್ದನೆಯ ಅಳಲಿಗಿಂತ ಒಂದು ಸ್ವೀಕೃತಿ ಸಂಖ್ಯೆಗೆ ತೂಕ ಹೆಚ್ಚು.

ಉತ್ತರ ಸಲ್ಲಿಸಿದಾಗ ಬರುವ ವ್ಯವಹಾರ ಸಂಖ್ಯೆಯನ್ನು ಉಳಿಸಿಕೊಳ್ಳಿ. 245ನೇ ಕಲಂನಡಿ ‘ನಿಮಗೆ ಬರಬೇಕಾದ ಮರುಪಾವತಿಯಿಂದ ಈ ಬಾಕಿಯನ್ನು ಮುರಿದುಕೊಳ್ಳುತ್ತೇವೆ’ ಎಂಬ ಸೂಚನೆ ಬಂದಿದ್ದರೆ, ಅದರಲ್ಲಿ ಹೇಳಿದ ದಿನಾಂಕದೊಳಗೆ ಉತ್ತರ ಕೊಡಲೇಬೇಕು. ಸುಮ್ಮನಿದ್ದರೆ ಒಪ್ಪಿಗೆಯೆಂದೇ ಭಾವಿಸಿ ಹಣವನ್ನು ಹೊಂದಿಸಿಬಿಡುತ್ತಾರೆ.

## ಹಂತ 7: ಕಚೇರಿಗೆ ಯಾವಾಗ, ಏನನ್ನು ಹಿಡಿದು ಹೋಗಬೇಕು

143(1)ರ ಸಾಮಾನ್ಯ ಬಾಕಿಗೆ ಅತ್ತಾವರದ ಆದಾಯ ತೆರಿಗೆ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯ ಬೀಳುವುದಿಲ್ಲ. ಬಾಕಿಗಳ ಬಗೆಗೆ ಫೋನಿನಲ್ಲಿ ವಿವರಿಸಲು ಇಲಾಖೆ ಮೈಸೂರಿನಲ್ಲಿ ಪ್ರತ್ಯೇಕ ಕೇಂದ್ರವನ್ನೇ ಇಟ್ಟಿದೆ. ಹಳೆಯ ಕಾಗದದ ಬಾಕಿ, ಉದ್ಯೋಗದಾತರು ಕಟ್ಟದ ತೆರಿಗೆ, ಅವಧಿ ಮೀರಿದ ಚಲನ್ ತಿದ್ದುಪಡಿ, ಅಧಿಕಾರಿಯೇ ಹೊರಡಿಸಿದ ಆದೇಶ ಇವುಗಳಿಗೆ ಮಾತ್ರ ನಿಮ್ಮ ವ್ಯಾಪ್ತಿಯ ಅಧಿಕಾರಿಯನ್ನು ಕಾಣಬೇಕು. ಆ ಅಧಿಕಾರಿ ಯಾರೆಂಬುದನ್ನು ಜಾಲತಾಣದ ‘ನೋ ಯುವರ್ ಎಒ’ ಎಂಬಲ್ಲಿ ಪ್ಯಾನ್ ಹಾಕಿ ತಿಳಿದುಕೊಂಡೇ ಹೊರಡಿ. ಕುಂದಾಪುರದಿಂದ ಬಸ್ಸು ಹಿಡಿದು ಮಂಗಳೂರಿಗೆ ಬಂದವರಿಗೆ, ಅವರ ಪ್ಯಾನ್ ಹಿಂದೆ ಕೆಲಸ ಮಾಡಿದ ಮುಂಬಯಿಯ ವ್ಯಾಪ್ತಿಯಲ್ಲೇ ಉಳಿದಿದೆ ಎಂದು ಕಿಟಕಿಯ ಬಳಿ ಗೊತ್ತಾದದ್ದುಂಟು.

ಪತ್ರ ಒಂದು ಪುಟ ಮೀರದಿರಲಿ. ಯಾವ ಬಾಕಿ, ಅದರ ಕಾರಣ ಯಾವ ಸಾಲಿನಲ್ಲಿದೆ, ಅದು ಏಕೆ ತಪ್ಪು, ಏನು ಮಾಡಬೇಕೆಂದು ಕೇಳುತ್ತೀರಿ ಎಂಬಿಷ್ಟು ಸಾಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಆಯಿತು, ನೋಡುತ್ತೇವೆ’ ಎಂದದ್ದಕ್ಕೆ ದಾಖಲೆಯಿಲ್ಲ.

## ಊರಲ್ಲಿಲ್ಲದವರ ಮತ್ತು ತೀರಿಕೊಂಡವರ ನೋಟಿಸು

ಗಲ್ಫ್‌ನಲ್ಲಿರುವ ಮಗನ ಹೆಸರಿಗೆ ಕಾಪುವಿನ ಮನೆಗೆ ನೋಟಿಸು ಬಂದರೆ ತಂದೆ ತಾಯಿ ಗಾಬರಿಯಿಂದ ತಮ್ಮ ಖಾತೆಯಿಂದ ಕಟ್ಟಿಬಿಡುವುದುಂಟು. ಅವಸರ ಬೇಡ. ಅನಿವಾಸಿಗಳ ಎನ್‌ಆರ್‌ಒ ಖಾತೆಯ ಬಡ್ಡಿಯಲ್ಲಿ ಶೇಕಡ 30 ಮತ್ತು ಸೆಸ್ ಕಡಿತವಾಗಿರುವುದರಿಂದ, ಬಹಳ ಸಲ ಇದು ಜಮೆ ತಾಳೆಯಾಗದ ಸಮಸ್ಯೆ ಮಾತ್ರ. ಅವರಿಗೆ ನಿಜವಾದ ಅಡ್ಡಿ ಒಟಿಪಿ. ಭಾರತದ ಹಳೆಯ ಸಿಮ್ ನಿಷ್ಕ್ರಿಯವಾಗಿದ್ದರೆ ಆಧಾರ್ ಒಟಿಪಿ ಬರುವುದಿಲ್ಲ. ಊರಿಗೆ ಬಂದಾಗ ಮೊಬೈಲ್ ಸಂಖ್ಯೆಯನ್ನು ಸರಿಪಡಿಸಿಕೊಳ್ಳುವುದು, ಅದಾಗದಿದ್ದರೆ ಜಾಲತಾಣದಲ್ಲಿ ಇನ್ನೊಬ್ಬರಿಗೆ ಅಧಿಕೃತವಾಗಿ ಪ್ರಾತಿನಿಧ್ಯ ಕೊಡುವುದು ಸರಿಯಾದ ದಾರಿ. ಪಾಸ್‌ವರ್ಡನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದು ದಾರಿಯಲ್ಲ.

ತೀರಿಕೊಂಡವರ ಹೆಸರಿನ ನೋಟಿಸನ್ನು ಕಡೆಗಣಿಸಬಾರದು. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್ ಮತ್ತು ವಾರಸುದಾರಿಕೆಯ ದಾಖಲೆಯೊಡನೆ ಜಾಲತಾಣದಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಂಡ ಮೇಲೆ ನಿಮ್ಮ ಖಾತೆಯಿಂದಲೇ ಉತ್ತರಿಸಬಹುದು. 159ನೇ ಕಲಂ ಪ್ರಕಾರ ವಾರಸುದಾರರ ಹೊಣೆ ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮಿತಿಗಷ್ಟೇ.

## ಕೂಡಲೇ ಎಚ್ಚೆತ್ತುಕೊಳ್ಳಬೇಕಾದ ಸೂಚನೆಗಳು

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ಜ್ಞಾಪನೆಗಳನ್ನು ದಾಟಿಸುತ್ತಾ ಹೋಗುವವರಿದ್ದಾರೆ. ನೋಟಿಸಿನ ಭಾಷೆ ಬದಲಾಗುವುದನ್ನು ಅವರು ಗಮನಿಸುವುದಿಲ್ಲ. 221ನೇ ಕಲಂನ ಹೆಸರು ಬಂದರೆ ದಂಡದ ಮಾತು ಶುರುವಾಯಿತೆಂದು ತಿಳಿಯಬೇಕು, ಅದು ಬಾಕಿಯಷ್ಟೇ ದೊಡ್ಡದಾಗಬಹುದು. 226(3) ಬಂದರೆ ಬ್ಯಾಂಕಿಗೆ ನೇರವಾಗಿ ಆದೇಶ ಹೋಗಿ ಖಾತೆಯಿಂದ ಹಣ ಎಳೆಯುವ ಹಂತ. ಅಲ್ಲಿಗೆ ತಲುಪಿದ್ದರೆ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ಅದೇ ದಿನ ಲೆಕ್ಕಪರಿಶೋಧಕರ ಬಳಿಗೆ ಹೋಗಿ.

## ಹಂತ 8: ಬಾಕಿ ಸೊನ್ನೆಯಾಗುವವರೆಗೆ ಬೆನ್ನು ಹತ್ತಿ

ಹಣ ಕಟ್ಟಿದ್ದರೆ ಕೆಲವು ದಿನಗಳಲ್ಲಿ, ತಿದ್ದುಪಡಿ ಕೇಳಿದ್ದರೆ ಹೊಸ ಆದೇಶ ಬಂದ ಮೇಲೆ ಬಾಕಿಯ ಪಟ್ಟಿ ಬದಲಾಗಬೇಕು. ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಒಂದು ದಿನ ಗುರುತು ಹಾಕಿಕೊಂಡು ಪಟ್ಟಿ ತೆರೆದು ನೋಡಿ. ತಿದ್ದುಪಡಿ ಆದೇಶ ಬಂದರೆ ಅದನ್ನೂ ಮೂರನೆಯ ಹಂತದಂತೆಯೇ ಸಾಲು ಸಾಲಾಗಿ ಓದಿ, ಕೆಲವೊಮ್ಮೆ ಒಂದು ತಪ್ಪು ಸರಿಯಾಗಿ ಇನ್ನೊಂದು ಹಾಗೆಯೇ ಉಳಿದಿರುತ್ತದೆ. ಆರು ತಿಂಗಳು ಕಳೆದರೂ ಏನೂ ಆಗದಿದ್ದರೆ ಜಾಲತಾಣದ ‘ಗ್ರೀವನ್ಸಸ್’ ವಿಭಾಗದಲ್ಲಿ ಸ್ವೀಕೃತಿ ಸಂಖ್ಯೆ ಉಲ್ಲೇಖಿಸಿ ದೂರು ದಾಖಲಿಸಿ.

ಪಟ್ಟಿಯಲ್ಲಿ ಆ ಬಾಕಿ ಇಲ್ಲವಾದ ದಿನ ಆ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ, ಚಲನ್ ಮತ್ತು ತಿದ್ದುಪಡಿ ಆದೇಶದೊಡನೆ ಅದೇ ಕಡತದಲ್ಲಿ ಸೇರಿಸಿಡಿ. ಕಾಗದವನ್ನು ಮಳೆಗಾಲದ ತೇವ ತಾಗದ ಕಡೆ ಇಟ್ಟು, ಒಂದು ಸ್ಕ್ಯಾನ್ ಪ್ರತಿಯನ್ನು ನಿಮ್ಮದೇ ಇಮೇಲಿಗೆ ಕಳುಹಿಸಿಕೊಳ್ಳಿ.